ಸೊಸೆಯ ನಲ್ಲಿ, ಅತ್ತೆಯ ಮೂಗು

ರಸ್ತೆಗೆ ಇನ್ನೂ ಸರಿಯಾಗಿ ಬೆಳಕಿಳಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಇಳಿಜಾರಿನಲ್ಲಿ ಒಂದೇ ಒಂದು ಅಂಗಡಿಯ ಷಟರು ಮೊಣಕಾಲೆತ್ತರಕ್ಕೆ ಎದ್ದಿದೆ. ತಲೆ ಬಗ್ಗಿಸಿ ಒಳಗೆ ಹೋದರೆ ಬಿಸಿನೀರಿನ ಹಬೆ, ಒದ್ದೆ ನೆಲ, ಗೋಡೆಯುದ್ದಕ್ಕೂ ಸಾಲಾಗಿ ಮಲಗಿಸಿದ ಐದು ಪೀಪಾಯಿಗಳು. ಅಂಗಿಯ ತೋಳು ಮೇಲಕ್ಕೆ ಮಡಚಿ, ರಬ್ಬರ್ ಬೂಟು ತೊಟ್ಟ ಮಹಿಳೆಯೊಬ್ಬರು ಸಣ್ಣ ಬ್ರಷ್ ಹಿಡಿದು ಪೀಪಾಯಿಯ ನಲ್ಲಿಗಳನ್ನು ಮಗುವಿನ ಕಿವಿ ಒರೆಸುವಷ್ಟು ಜತನದಿಂದ ಉಜ್ಜುತ್ತಿದ್ದಾರೆ.

ಉಜ್ಜಿದ್ದು ಮುಗಿದ ಮೇಲೆ ಮೊದಲ ನಲ್ಲಿ ತಿರುಗಿಸಿ, ಗ್ಲಾಸಿಗೆ ಒಂದು ಗುಟುಕಿನಷ್ಟು ವೈನ್ ಹಿಡಿದು ತಾವೊಮ್ಮೆ ಮೂಸುತ್ತಾರೆ. ಮೂಲೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಉಣ್ಣೆಯ ಟೋಪಿ ಹಾಕಿಕೊಂಡು ಕೂತ ಅಜ್ಜಿಯ ಮುಂದೆ ಅದನ್ನು ಹಿಡಿಯುತ್ತಾರೆ. ಅಜ್ಜಿ ಕಣ್ಣು ಮುಚ್ಚಿ ಮೂಗನ್ನಷ್ಟೇ ಗ್ಲಾಸಿಗೆ ತರುತ್ತಾರೆ. ತುಟಿ ತಾಗಿಸುವುದಿಲ್ಲ.

"ಹ್ಞೂಂ."

ಎರಡನೆಯದಕ್ಕೂ ಹ್ಞೂಂ. ಮೂರನೆಯದಕ್ಕೆ ಹುಬ್ಬು ಗಂಟಾಗುತ್ತದೆ.

"ಯಾಕತ್ತೆ, ಕೆಟ್ಟಿದೆಯಾ?"

"ಕೆಟ್ಟಿಲ್ಲ ಕಣೇ. ಇನ್ನೂ ನಿದ್ದೆಯಿಂದ ಎದ್ದಿಲ್ಲ. ಮಧ್ಯಾಹ್ನ ಇನ್ನೊಂದ್ಸಲ ಕೊಡು, ಆಮೇಲೆ ಮಾರು."

ಸೊಸೆ ಮೂರನೆಯ ಪೀಪಾಯಿಯ ನಲ್ಲಿಗೆ ಬಟ್ಟೆ ಸುತ್ತುತ್ತಾರೆ. ಬಟ್ಟೆ ಸುತ್ತಿದ್ದರೆ ಅದರಿಂದ ಯಾರಿಗೂ ಕೊಡುವಂತಿಲ್ಲ. ಅತ್ತೆಯ ಮೂಗು ದಾಟದೆ ಈ ಅಂಗಡಿಯಿಂದ ಒಂದು ತೊಟ್ಟೂ ಹೊರಗೆ ಹೋಗುವುದಿಲ್ಲ.

ಬೀದಿಯವರಿಗೆಲ್ಲ ಸೊಸೆ 'ನಲ್ಲಿಯಕ್ಕ', ಅತ್ತೆ ಎಲ್ಲರಿಗೂ 'ಅತ್ತೆ'. ಅಂಗಡಿಯಲ್ಲಿ ಸಾಲು ಸಾಲು ಬಾಟಲಿ ಇಲ್ಲ, ಬಂಗಾರದ ಅಕ್ಷರದ ಚೀಟಿಗಳಿಲ್ಲ. ಬಾಟಲಿ ನೀವೇ ತರಬೇಕು. ಊರಾಚೆಯ ಸಣ್ಣ ಸಣ್ಣ ದ್ರಾಕ್ಷಿ ತೋಟದವರು ಮಾಡಿದ ವೈನನ್ನು ನಲ್ಲಿಯಕ್ಕನ ಯಜಮಾನರು ತಮ್ಮ ಹಳೆಯ ಲಾರಿಯಲ್ಲಿ ತರುತ್ತಾರೆ. ಇವರು ಅದನ್ನು ಪೀಪಾಯಿಗೆ ತುಂಬಿ, ಹದವಾಗುವವರೆಗೆ ಕಾದು, ಲಾಳಿಕೆ ಇಟ್ಟು ಅಳೆದು ಕೊಡುತ್ತಾರೆ. ಒಂದು ಲೀಟರಿಗೆ ಎದುರಿನ ಹೋಟೆಲಿನ ಎರಡು ಕಪ್ ಕಾಫಿಯ ಬೆಲೆ.

"ಬಾಟಲಿ, ಕಾರ್ಕು, ಬಣ್ಣದ ಚೀಟಿ, ಜಾಹೀರಾತು, ಇದಕ್ಕೇ ಅರ್ಧ ದುಡ್ಡು ಹೋಗುತ್ತೆ. ಅದನ್ನೆಲ್ಲಾ ತೆಗೆದುಬಿಟ್ರೆ ಏನುಳಿಯುತ್ತೆ? ವೈನ್. ನಮಗೆ ಬೇಕಾಗಿದ್ದೂ ಅದೇ ಅಲ್ವಾ?" ಎನ್ನುತ್ತಾರೆ ನಲ್ಲಿಯಕ್ಕ.

ದಿನಕ್ಕೆ ಸುಮಾರು ನೂರು ಜನ ಬರುತ್ತಾರೆ. ಪಾಳಿ ಮುಗಿಸಿ ಬಂದ ನರ್ಸಮ್ಮ ಅರ್ಧ ಲೀಟರ್ ಬಿಳಿಯದನ್ನು ಒಯ್ಯುತ್ತಾರೆ. ನಾಳೆ ರಜೆ ಎಂಬ ದಿನ ಮಾತ್ರ ಬರುವ ಬಸ್ ಕಂಡಕ್ಟರ್ ಶರಬತ್ತಿನ ಬಾಟಲಿ ತೊಳೆದು ತಂದಿರುತ್ತಾರೆ. ಸಂಗೀತದ ಮೇಡಂ ತರುವ ಫ್ಲಾಸ್ಕಿನಲ್ಲಿ ಬೆಳಗ್ಗೆ ಚಹಾ, ಸಂಜೆ ಕೆಂಪು ವೈನ್. ಬರುವಾಗಲೇ ಕಾಲು ತಡವರಿಸುವವರಿಗೆ ಮಾತ್ರ ಇಲ್ಲಿ ವೈನ್ ಇಲ್ಲ. ಅವರಿಗೆ ಒಂದು ಕುರ್ಚಿ, ಒಂದು ಲೋಟ ತಣ್ಣೀರು. ಅಂಗಡಿ ತೆರೆದ ದಿನವೇ ಮಾಡಿದ ನಿಯಮ ಇದು. ಮಾಡಿದ್ದು ಅತ್ತೆಯ ಮನಸ್ಸನ್ನು ಗೆಲ್ಲಲಿಕ್ಕೆ. ಗೆದ್ದಿತೇ ಎಂದರೆ, ಬಹಳ ಕಾಲ ಇಲ್ಲ.

ಅತ್ತೆಯ ಗಂಡ ಕುಡುಕರಾಗಿದ್ದರು. ಗೋಡೆಯ ಗಡಿಯಾರದಿಂದ ಹಿಡಿದು ಮಗನ ಚಳಿಗಾಲದ ಕೋಟಿನವರೆಗೆ ಮನೆಯಲ್ಲಿದ್ದದ್ದೆಲ್ಲ ಅವರ ಗಂಟಲಲ್ಲಿ ಇಳಿದುಹೋಯಿತು. ಅತ್ತೆ ಲಾಂಡ್ರಿಯೊಂದರಲ್ಲಿ ಬಟ್ಟೆ ತೊಳೆದು, ಇಸ್ತ್ರಿ ಹಾಕಿ ಒಬ್ಬನೇ ಮಗನನ್ನು ಸಾಕಿದರು. ಅದೇ ಮಗ ಬೆಳೆದು, ಗಾಜಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಕೆಲಸಕ್ಕಿದ್ದ ಹುಡುಗಿಯನ್ನು ಮದುವೆಯಾದರು. ಕಾರ್ಖಾನೆ ಮುಚ್ಚಿದಾಗ ಗಂಡ ಹೆಂಡತಿ ಸೇರಿ, ಮನೆಯ ಕೆಳಗೇ ವೈನ್ ಅಂಗಡಿ ತೆರೆದರು.

"ನನ್ನ ತಲೆ ಮೇಲೆ ಕಲ್ಲು ಹಾಕಿದ್ರೂ ಅಷ್ಟು ನೋಯ್ತಿರಲಿಲ್ಲ," ಎಂದು ಅತ್ತೆ ಈಗ ನಗುತ್ತಾ ಹೇಳುತ್ತಾರೆ. ಆಗ ನಕ್ಕಿರಲಿಲ್ಲ. ಮೇಲಿನ ಮನೆಯಿಂದ ಅಂಗಡಿಗೆ ಇಳಿಯುವ ಒಳಮೆಟ್ಟಿಲನ್ನು ಹನ್ನೊಂದು ವರ್ಷ ತುಳಿಯಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಹಿತ್ತಲ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ಸೊಸೆಯೊಡನೆ ಮಾತು ಬಿಟ್ಟವರಲ್ಲ. ಹುಷಾರಿಲ್ಲದಾಗ ಹಣೆ ಮುಟ್ಟಿ ನೋಡುತ್ತಿದ್ದರು, ಸೊಸೆಯ ಪಾಲಿನ ಊಟ ಮುಚ್ಚಿಡುತ್ತಿದ್ದರು. ಅಂಗಡಿಯ ಸುದ್ದಿ ಎತ್ತಿದರೆ ಮಾತ್ರ ಮೂಗು ಮುರಿಯುತ್ತಿದ್ದರು.

ಮೂರು ಚಳಿಗಾಲದ ಹಿಂದೆ ನಲ್ಲಿಯಕ್ಕನಿಗೆ ಜೋರು ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ಹೊತ್ತುಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು. ಸೋಪು ಬರೀ ನೊರೆಯಾಯಿತು. ವೈನ್ ಎಂದರೆ ನಾಲಿಗೆಗೆ ಒಂದಿಷ್ಟು ಹುಳಿ, ಒಂದಿಷ್ಟು ಒಗರು, ಅಷ್ಟೇ. ಪೀಪಾಯಿಯ ವೈನ್ ಗಾಳಿ ತಾಗಿ ಹುಳಿಯುತ್ತಿದೆಯೇ ಎಂದು ಮೊದಲು ಹೇಳುವುದೇ ಮೂಗು. ಆ ಮೂಗೇ ಕೈಕೊಟ್ಟಿತ್ತು.

"ಯಾರಿಗಂತ ಹೇಳ್ಲಿ? ಡ್ರೈವರ್‌ಗೆ ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಬಸ್ ಹತ್ತೋರು ಯಾರು?" ಎಂದು ಆ ದಿನಗಳನ್ನು ನೆನೆಯುತ್ತಾರೆ. ಗುಟ್ಟಾಗಿ ಗಂಡನಿಗೆ ಮೂಸಿ ನೋಡಲು ಕೊಟ್ಟರು. ಅವರು ಐದೂ ಪೀಪಾಯಿಗೆ "ಚೆನ್ನಾಗಿದೆ" ಎಂದರು. "ನಾನು ಕೊಟ್ಟಿದ್ದೆಲ್ಲಾ ಅವರಿಗೆ ಚೆನ್ನಾಗಿರುತ್ತೆ. ಗಂಡನಿಗೆ ಒಳ್ಳೇ ಗುಣ. ವೈನ್ ವ್ಯಾಪಾರಕ್ಕಲ್ಲ."

ಕೆಲವೇ ದಿನಗಳಲ್ಲಿ ಒಂದು ಪೀಪಾಯಿ ಹುಳಿಯಿತು. ನಲ್ಲಿಯಕ್ಕ ಗೊತ್ತಾಗದೆ ಅದನ್ನೇ ಅಳೆದು ಕೊಟ್ಟರು. ಮರುದಿನ ಮೂಲೆಮನೆಯ ದರ್ಜಿ ತಾತ ಬಂದರು. ಅಂಗಡಿ ತೆರೆದಾಗಿನಿಂದಲೂ ಬರುತ್ತಿರುವ ಗಿರಾಕಿ ಅವರು. ಕೋಟಿನೊಳಗೆ ಬಾಟಲಿ ಮುಚ್ಚಿಟ್ಟುಕೊಂಡು, ಉಳಿದವರೆಲ್ಲ ಹೋಗುವವರೆಗೆ ಗೋಡೆ ನೋಡುತ್ತಾ ನಿಂತಿದ್ದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಮಗಳೇ, ನಿನ್ನೆ ಸೌತೆಕಾಯಿ ಹೆಚ್ಚಿ ಅದರ ಮೇಲೆ ಇದನ್ನ ನಿಂಬೆರಸದ ಹಾಗೆ ಸುರ್ಕೊಂಡ್ವಿ. ಬಹಳ ರುಚಿಯಾಗಿತ್ತು. ಕುಡಿಯೋಕೆ ಮಾತ್ರ ಬೇರೆ ಕೊಡ್ತೀಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮೆತ್ತಗಿನ ಮಾತಿಗೆ ಕುಸಿದುಹೋದೆ ಎನ್ನುತ್ತಾರೆ ನಲ್ಲಿಯಕ್ಕ. ಅಲ್ಲೇ ಲಾಳಿಕೆ ಹಿಡಿದುಕೊಂಡು ಅತ್ತರು. ಇಡೀ ಪೀಪಾಯಿಯನ್ನು ಮೋರಿಗೆ ಸುರಿದರು. ಕೊಂಡವರ ಮನೆಗಳಿಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದರು. ಷಟರು ಎಳೆದರು. ಯಜಮಾನರು ಲಾರಿಯನ್ನು ಬೇರೆ ಕೆಲಸಕ್ಕೆ ಹಚ್ಚುವ ಮಾತಾಡತೊಡಗಿದರು.

ಒಂದು ವಾರ ಕೆಳಗಿನಿಂದ ನೀರಿನ ಸದ್ದಿಲ್ಲ, ಮಾತಿಲ್ಲ, ನಗುವಿಲ್ಲ. ತಾನು ಹನ್ನೊಂದು ವರ್ಷ ಬಯಸಿದ್ದು ಇದೇ ಅಲ್ಲವೇ ಎಂದು ಅತ್ತೆ ತಮ್ಮನ್ನೇ ಕೇಳಿಕೊಂಡರಂತೆ. "ಸಂತೋಷ ಆಗ್ಬೇಕಿತ್ತು. ಆಗ್ಲೇ ಇಲ್ಲ," ಎನ್ನುತ್ತಾರೆ. ಆ ವಾರದ ಕೊನೆಗೆ ದರ್ಜಿ ತಾತನ ಹೆಂಡತಿ ಮೇಲೆ ಬಂದು ಅತ್ತೆಯ ಮಂಚದ ತುದಿಗೆ ಕೂತರು. ಸೊಸೆಯ ಪರ ವಕಾಲತ್ತಿಗೆ ಬಂದವರಲ್ಲ, ತಮ್ಮ ಪಾಡು ಹೇಳಿಕೊಳ್ಳಲು ಬಂದವರು.

"ನಮ್ಮೋರು ರಾತ್ರಿ ಊಟಕ್ಕೆ ಒಂದು ಗ್ಲಾಸ್ ಕುಡೀತಾರೆ, ನಾನೊಂದು ಗ್ಲಾಸು. ಎರಡನೇದು ಯಾವತ್ತೂ ಇಲ್ಲ. ಅದು ಮುಗಿಯೋವರೆಗೂ ಇಬ್ಬರೂ ಅದೂ ಇದೂ ಮಾತಾಡ್ತೀವಿ. ಆಮೇಲೆ ಅವರೇ ಎದ್ದು ತಟ್ಟೆ ತೊಳೀತಾರೆ. ಈ ವಾರ ಊಟ ಬೇಗ ಮುಗಿದುಹೋಗ್ತಿದೆ ಅಕ್ಕಾ. ಮುಗಿದ್ಮೇಲೆ ಏನು ಮಾಡ್ಬೇಕೋ ತೋಚ್ತಿಲ್ಲ."

ಅತ್ತೆ ಅವತ್ತು ನಿದ್ದೆ ಮಾಡಲಿಲ್ಲ. "ಕುಡಿದು ಬಿದ್ದೋನನ್ನ ನೋಡಿದ್ದೆ. ಕುಡಿದು ಎದ್ದು ತಟ್ಟೆ ತೊಳೆಯೋನೂ ಇರ್ತಾನೆ ಅಂತ ನನಗೇನು ಗೊತ್ತು?"

ಬೆಳಗ್ಗೆ, ನೆಲ ಗುಡಿಸಲೆಂದು ಕೆಳಗೆ ಹೋಗಿದ್ದ ನಲ್ಲಿಯಕ್ಕನಿಗೆ ಒಳಮೆಟ್ಟಿಲಲ್ಲಿ ಹೆಜ್ಜೆಯ ಸದ್ದು ಕೇಳಿತು. ಗಂಡ ಇರಬೇಕು ಎಂದುಕೊಂಡರು. ಕತ್ತೆತ್ತಿ ನೋಡಿದರೆ ಅತ್ತೆ, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾರೆ. ನಡುವಿನ ಮೆಟ್ಟಿಲಲ್ಲೇ ನಿಂತು, "ಆ ಕೊನೇದೂ ಕೆಡ್ತಾ ಇದೆ, ಚೆಲ್ಲು," ಎಂದರು.

"ಅಲ್ಲಿಂದ್ಲೇ ಹೇಗೆ ಗೊತ್ತಾಯ್ತತ್ತೆ?"

"ಆ ವಾಸನೆ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ. ಕೆಟ್ಟಿದ್ದು ಯಾವುದು ಅಂತ ನನಗೆ ನೀನು ಹೇಳಿಕೊಡ್ಬೇಡ. ಸ್ಟೂಲ್ ಕೊಡು. ಕುಡಿ ಅಂತ ಮಾತ್ರ ಅನ್ನಬೇಡ."

ಕೆಟ್ಟದ್ದು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಳ್ಳೆಯದು. ಮೊದಲ ದಿನ ಸೊಸೆ ಹಿಡಿದ ಕೆಂಪು ವೈನಿನ ಮೇಲೆ ಮೂಗಿಟ್ಟು ಅತ್ತೆ ಮತ್ತೆ ಮತ್ತೆ ಮೂಸಿದರು. ಕೊನೆಗೆ ಬೆರಗಿನಿಂದ ಕೇಳಿದರು: "ಇದೇನೇ ಇದು, ಬಿಸಿಲಲ್ಲಿ ಒಣಗಿದ ಬಟ್ಟೆಗೆ ಇಸ್ತ್ರಿ ಇಟ್ಟ ಹಾಗಿದೆ?" ಬದುಕೆಲ್ಲ ಬಟ್ಟೆಯ ನಡುವೆ ಕಳೆದ ಮೂಗು, ತನಗೆ ಗೊತ್ತಿದ್ದ ಭಾಷೆಯಲ್ಲೇ ಮಾತಾಡಿತು. ಆ ಕೆಂಪು ವೈನಿಗೆ ಈಗ ಅದೇ ಹೆಸರು. ಪೀಪಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ: 'ಇಸ್ತ್ರಿ ಬಟ್ಟೆ', 'ಹಳೇ ಪೆಟ್ಟಿಗೆ', 'ಭಾನುವಾರದ ಅಂಗಿ'. ಬಿಳಿಯ ವೈನೊಂದು 'ಮಗುವಿನ ಟವೆಲ್'. ನಾನು ನಿಂತಿದ್ದಾಗಲೇ ಕಂಡಕ್ಟರ್ ಬಂದು, "ಅಕ್ಕಾ, ಭಾನುವಾರದ ಅಂಗಿ ಒಂದು ಲೀಟರ್" ಎಂದರು. ಯಾರೂ ನಗಲಿಲ್ಲ. ಇಲ್ಲಿ ಅದು ದಿನದ ಮಾತು.

ಚಳಿಗಾಲ ಕಳೆದ ಮೇಲೆ ನಲ್ಲಿಯಕ್ಕನ ಮೂಗು ಅರೆಬರೆ ಮರಳಿತು. ಮೊದಲು ಬಂದ ವಾಸನೆ ಯಾವುದು ಎಂದು ಕೇಳಿದೆ. ಅವರು ಆಗಷ್ಟೇ ಬಾಗಿಲ ಮುಂದೆ ಲಾರಿ ನಿಲ್ಲಿಸಿ ಬಂದ ಗಂಡನ ಕಡೆ ನೋಡಿದರು. ಯಜಮಾನರು ಲಾರಿಯ ಕಡೆ ನೋಡಿದರು.

"ಇವರ ಕಾಲುಚೀಲ," ಎಂದು ನಲ್ಲಿಯಕ್ಕ ನಕ್ಕುಬಿಟ್ಟರು. "ಬಕೆಟ್ಟಿಗೆ ಹಾಕೋಕೆ ಅಂತ ಎತ್ಕೊಂಡೆ, ಗಪ್ಪಂತ ಬಡೀತು. ಅದನ್ನೇ ಮುಖಕ್ಕೆ ಒತ್ಕೊಂಡು ಅತ್ತುಬಿಟ್ಟೆ. ಇವರು ಗಾಬರಿಯಾಗಿ, ಹೊಸದು ತಗೋತೀನಿ ಬಿಡೇ ಅಂದ್ರು."

ಸೊಸೆಗೆ ವಾಸನೆ ಬಂತೆಂದು ಅತ್ತೆ ಸ್ಟೂಲು ಬಿಟ್ಟುಕೊಡಲಿಲ್ಲ. "ಹೋಗಲಿ ಪಾಪ ಅಂತ ಬಂದವಳನ್ನ ಕೆಲಸದಿಂದ ತೆಗೀತೀಯಾ?" ಎಂದು ದಬಾಯಿಸಿದರಂತೆ. ಈಗ ದಿನಾ ಇಬ್ಬರದೂ ಒಪ್ಪಿಗೆ ಬೇಕು. ಭಿನ್ನಾಭಿಪ್ರಾಯ ಬಂದರೆ ಅತ್ತೆಯ ಮಾತೇ ಮಾತು. ಸಂಜೆ ಅಂಗಡಿ ಮುಚ್ಚಿ ಮೇಲೆ ಹೋದ ಮೇಲೆ ಗಂಡ ಹೆಂಡತಿ ಊಟಕ್ಕೆ ಒಂದೊಂದು ಗ್ಲಾಸ್ 'ಇಸ್ತ್ರಿ ಬಟ್ಟೆ' ಸುರಿದುಕೊಳ್ಳುತ್ತಾರೆ. ಅತ್ತೆ ಅದೇ ಮೇಜಿಗೆ ತಮ್ಮ ಹಾಲಿನ ಲೋಟ ತಂದು ಕೂರುತ್ತಾರೆ. ಹಿಂದೆ ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುತ್ತಿದ್ದವರು.

"ಅವರಿಗೆ ಆಯಸ್ಸೆಲ್ಲಾ ಸಂಕಟ ಕೊಟ್ಟ ವಾಸನೆ ಅದು. ನನಗೋಸ್ಕರ ದಿನಾ ಬೆಳಗ್ಗೆ ಎದ್ದು ಅದನ್ನೇ ಮೂಸ್ತಾರೆ," ಎನ್ನುವಾಗ ನಲ್ಲಿಯಕ್ಕನ ಕೈ ನಲ್ಲಿಯ ಮೇಲೇ ನಿಂತುಬಿಡುತ್ತದೆ. "ಇದಕ್ಕೆ ಥ್ಯಾಂಕ್ಸ್ ಅನ್ನೋ ಒಂದು ಮಾತು ಸಾಲುತ್ತಾ ಹೇಳಿ?"

ಕಣ್ಣು ಮುಚ್ಚಿ ತೂಕಡಿಸುತ್ತಿದ್ದಾರೆ ಎಂದು ನಾವಂದುಕೊಂಡಿದ್ದ ಅತ್ತೆ ಸ್ಟೂಲಿನಿಂದಲೇ, "ಸಾಲುತ್ತೆ. ಒಂದ್ಸಲನೂ ಹೇಳಿಲ್ಲ ಇವಳು," ಎನ್ನುತ್ತಾರೆ.

ಸೊಸೆ ಹೋಗಿ ಟೋಪಿಯ ಮೇಲೆ ಮುತ್ತಿಟ್ಟು, ಕಿವಿಯ ಹತ್ತಿರ ಏನೋ ಹೇಳುತ್ತಾರೆ. ಅದು ನನಗೆ ಕೇಳಿಸಲಿಲ್ಲ. ಕೇಳಿಸಬೇಕಾದವರಿಗೆ ಕೇಳಿಸಿತು.

ಮುಂದೇನು ಆಸೆ ಎಂದು ಕೇಳುತ್ತೇನೆ. ದೊಡ್ಡ ಅಂಗಡಿಯೇ? ಇನ್ನೊಂದು ಲಾರಿಯೇ? ನಲ್ಲಿಯಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾರೆ.

"ಜನ ಒಳ್ಳೇ ದಿನ ಬರ್ಲಿ ಅಂತ ಒಳ್ಳೇ ವೈನ್ ಎತ್ತಿಡ್ತಾರಲ್ಲ, ನಮ್ಮದು ಹಾಗೆ ಕಾಯಿಸೋ ವೈನಲ್ಲ. ಬುಧವಾರ ಅಂತ ಒಂದಿದೆ ನೋಡಿ. ಸಂಬಳ ಬರೋ ದಿನನೂ ಅಲ್ಲ, ರಜೆನೂ ಅಲ್ಲ, ಯಾರ ಹುಟ್ಟುಹಬ್ಬನೂ ಅಲ್ಲ. ಕೇಳೋರೇ ಇಲ್ಲ ಪಾಪ. ಆ ಬುಧವಾರ ನಾಲ್ಕು ಮನೇಲಿ ಚೆನ್ನಾಗಿದ್ರೆ ಸಾಕು ನನಗೆ."