ಎಡಗೈಯ ಎತ್ತು

ನಾನು ಚಿಕ್ಕವನಿದ್ದಾಗ ಒಂದು ದಿನ ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಹಾಕಿದ್ದರು. ನಗಬೇಡಿ ಮಕ್ಕಳೇ. ನಾನು ಏನನ್ನೂ ಕದ್ದಿರಲಿಲ್ಲ, ಯಾರಿಗೂ ಹೊಡೆದಿರಲಿಲ್ಲ. ನಾನು ಎಡಚ, ಅಷ್ಟೇ ನನ್ನ ತಪ್ಪು. ಆ ದಿನ ಮಣ್ಣೆತ್ತಿನ ಅಮಾವಾಸ್ಯೆ.

ನಮ್ಮ ಕಡೆ ಮಳೆಗಾಲ ಹಿಡಿದ ಮೇಲೆ ಬರುವ ಹಬ್ಬ ಅದು. ಕರಿ ಮಣ್ಣಿನಲ್ಲಿ ಜೋಡೆತ್ತು ಮಾಡಿ, ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಮರುದಿನ ಹುಡುಗರೆಲ್ಲ ಸೇರಿ ಕಾಲು ಮುರಿದ ಕುಂಟೆತ್ತನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ನನಗೆ ಆಗ ಐದು ವರ್ಷ, ಇನ್ನೂ ಶಾಲೆಗೆ ಹಚ್ಚಿರಲಿಲ್ಲ. ಪ್ರತಿ ವರ್ಷ ಜಗಲಿ ಹತ್ತುತ್ತಿದ್ದದ್ದು ಅಕ್ಕ ಮಾಡಿದ ಎತ್ತು. ನಾನು ಮಾಡಿದ್ದು ಬೇಡುವ ಕುಂಟೆತ್ತು. ಈ ಸಲ ನನ್ನ ಎತ್ತೂ ದೇವರ ಪಕ್ಕ ನಿಲ್ಲಲೇಬೇಕು ಎಂದು ನಾನು ಹಟ ಹಿಡಿದಿದ್ದೆ.

ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಮ್ಮದು ಸಾಲುಮನೆ, ಒಂದು ಖೋಲಿ, ಒಂದು ಅಡುಗೆಮನೆ. ಅಲ್ಲಿ ಹೊಲವೂ ಇಲ್ಲ, ಎತ್ತೂ ಇಲ್ಲ. ಅಲ್ಲಿನ ಕೆಂಪು ಮಣ್ಣಿನ ತುಂಬ ಹರಳು, ಎತ್ತು ಮಾಡಲು ಹೋದರೆ ಬಿರುಕು ಬಿಡುತ್ತಿತ್ತು. ಅದಕ್ಕೇ ಅಪ್ಪನ ತಾಯಿ, ನಮ್ಮ ಅಜ್ಜಿ, ಊರಿನಿಂದ ಕರಿ ಮಣ್ಣನ್ನು ಒದ್ದೆ ಗೋಣಿತಟ್ಟಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬರುತ್ತಿದ್ದಳು. ಆ ಗಂಟು ಬಿಚ್ಚಿದರೆ ಸಾಕು, ಮನೆ ತುಂಬ ಹೊಲದ ವಾಸನೆ. ಮಿಲ್ಲಿನ ಹುಳಿ ವಾಸನೆ ಕೂಡ ಅವತ್ತು ಸುಮ್ಮನಾಗುತ್ತಿತ್ತು.

ಬೆಳಿಗ್ಗೆ ಮಣ್ಣು ಕಂಡವನೇ ನಾನು ಎಡಗೈ ಚಾಚಿದೆ. ಅಜ್ಜಿ ಫಟ್ಟನೆ ಕೈ ಹಿಡಿದಳು.

"ಏ ಎಡಚಾ! ಇದು ಬಸವಣ್ಣನ ಕೆಲಸ. ಎಡಗೈ ಹಚ್ಚಬಾರದು. ಬಲಗೈಲೆ ಮಾಡು, ನಿನ್ನ ಎತ್ತು ಜಗಲಿ ಮ್ಯಾಲ ಇಡ್ತೇನಿ."

ಹೂಂ ಅಂದೆ. ಆದರೆ ಆ ಕೈ ಕೇಳಬೇಕಲ್ಲ! ಬಲಗೈಯಲ್ಲಿ ಎತ್ತಿಕೊಂಡ ಮಣ್ಣು ನನಗೇ ಗೊತ್ತಾಗದ ಹಾಗೆ ಎಡಗೈಗೆ ದಾಟಿಬಿಡುತ್ತಿತ್ತು. ಅಜ್ಜಿ ಒಮ್ಮೆ ಗದರಿದಳು, ಇನ್ನೊಮ್ಮೆ ಗದರಿದಳು. ಕಡೆಗೆ ಹಳೆ ಸೀರೆಯ ಅಂಚು ಹರಿದು, ನನ್ನ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಸೊಂಟಕ್ಕೆ ಬಿಗಿದು ಗಂಟು ಹಾಕಿದಳು.

"ಅಕ್ಕ ಎರಡೂ ಕೈಲೆ ಮಾಡಾಕತ್ತಾಳಲ್ಲ?" ಎಂದು ಕೂಗಿದೆ.

"ಆಕಿ ಎಡಗೈ ಸುಮ್ನ ಹಿಡಕೊಂಡಿರತೈತಿ. ನಿಂದು ಎಲ್ಲಾ ಕೆಲಸ ತಾನ ಮಾಡತೈತಿ!"

ಹೊರಗೆ ಧೋ ಎಂದು ಮಳೆ. ಎರಚಲು ಒಳಗೆ ಬರುತ್ತದೆಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದರು. ಒಳಗೆ ಒಲೆಯ ಹೊಗೆ, ಅವ್ವ ಕರಿಯುತ್ತಿದ್ದ ಕಡುಬಿನ ಎಣ್ಣೆಯ ಘಾಟು, ಒಣಗದ ಬಟ್ಟೆಗಳ ವಾಸನೆ. ಓಡಿಹೋಗಲು ಜಾಗವಿರಲಿಲ್ಲ. ಅಳಬೇಕೆಂದರೆ ಹಬ್ಬದ ದಿನ ಅಳಬಾರದಂತೆ. ಬೆನ್ನ ಹಿಂದಿನ ಕೈಗೆ ಮೊದಲು ತುರಿಕೆ, ಆಮೇಲೆ ನೋವು, ಆಮೇಲೆ ಜೋಮು ಹಿಡಿಯಿತು. ಮೂಗು ಸೋರಿದರೆ ಒರೆಸಿಕೊಳ್ಳಲು ಇದ್ದದ್ದು ಮಣ್ಣು ಮೆತ್ತಿದ ಒಂದೇ ಕೈ. ಒರೆಸಿಕೊಂಡೆ. ನನ್ನ ಮುಖದ ಮೇಲೆ ಮೀಸೆ ಬಂತೆಂದು ಅಕ್ಕ ಬಿದ್ದುಬಿದ್ದು ನಕ್ಕಳು.

ಒಂದೇ ಕೈಯಲ್ಲಿ ಮಣ್ಣು ಉರುಳಿಸಿ ನೋಡಿ, ಅದು ಮಣೆಯ ಮೇಲೆ ಜಾರಿ ಓಡುತ್ತದೆ. ಹಿಡಿಯುವವರಿಲ್ಲ. ಅದಕ್ಕೆ ಕಾಲಿನಿಂದ ಒತ್ತಿ ಹಿಡಿದೆ. "ಅಯ್ಯ ಶಿವನ! ಬಸವಣ್ಣಗ ಕಾಲು ಹಚ್ತೀಯಾ?" ಎಂದು ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಗದ್ದದಿಂದ ಹಿಡಿದೆ, ಮಣ್ಣು ಬಾಯಿಗೆ ಹೋಯಿತು. ಹೇಗೋ ಹೊಟ್ಟೆ ಆಯಿತು, ಒಂದು ಕಾಲು ಹಚ್ಚಿದೆ, ಇನ್ನೊಂದು ಹಚ್ಚುವಷ್ಟರಲ್ಲಿ ಮೊದಲನೆಯದು ಬಿತ್ತು. ಅಕ್ಕನ ಎತ್ತು ಆಗಲೇ ಮುಗಿದು, ಜೋಳದ ಕಾಳಿನ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. "ನಿಂದು ನಾಳಿಗೆ ಬೇಡಾಕ ಚೊಲೋ ಆಗತೈತಿ ಬಿಡು" ಅಂದಳು ಅಕ್ಕ. ನನಗೆ ಅವಳ ಮೇಲೆ, ಅಜ್ಜಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಕೈಯ ಮೇಲೇ ಸಿಟ್ಟು ಬಂತು. ಯಾಕಾದರೂ ಹುಟ್ಟಿತೋ ಈ ಕೈ ಅನ್ನಿಸಿತು.

ಮಧ್ಯಾಹ್ನ ಮಿಲ್ಲಿನ ಭೋಂಗಾ ಕೂಗಿತು. ಸ್ವಲ್ಪ ಹೊತ್ತಿಗೆ ಅಪ್ಪ ಕೊಡೆ ಝಾಡಿಸುತ್ತ ಒಳಗೆ ಬಂದ. ನನ್ನ ಮಣ್ಣಿನ ಮೀಸೆ ನೋಡಿದ, ಬೆನ್ನ ಹಿಂದಿನ ಗಂಟು ನೋಡಿದ. ಕೈ ತೊಳೆದು ಬಂದು ನನ್ನ ಹಿಂದೆ ಕೂತು, ತನ್ನ ಎಡಗೈಯನ್ನು ನನ್ನ ಮುಂದೆ ಚಾಚಿದ.

"ತಗೋ, ಇವತ್ತಿನ ಮಟ್ಟಿಗೆ ಇದು ನಿನ್ನ ಕೈ. ಹೆಂಗ ಮಾಡಬೇಕು ಹೇಳು."

ನನಗೆ ಖುಷಿಯೋ ಖುಷಿ. ಕಿವಿ ಮಾಡು ಅಂದೆ. ಆದರೆ ಅಪ್ಪನ ಎಡಗೈಗೆ ಏನೂ ಬರುತ್ತಿರಲಿಲ್ಲ! ಎತ್ತಿಗೆ ಆನೆಯ ಕಿವಿ ಬಂತು. ಕೋಡು ಮಾಡಲು ಹೋಗಿ ತಲೆಯೇ ಕಿತ್ತುಬಂತು. "ಹಂಗಲ್ಲಪ್ಪಾ, ಮೆಲ್ಲಕ!" ಎಂದು ನಾನು ಒದರಿದೆ. ಅಪ್ಪ ನಾಲಿಗೆ ಕಚ್ಚಿಕೊಂಡು, ಬೆವರಿ ಕಾಲು ಹಚ್ಚಿದ. ಎತ್ತು ಒಂದು ಗಳಿಗೆ ನಿಂತು, ಧೊಪ್ಪನೆ ಕವುಚಿಬಿತ್ತು. ಅವ್ವ ಅಡುಗೆಮನೆಯಲ್ಲೇ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಜ್ಜಿಗೂ ನಗು ತಡೆಯಲಿಲ್ಲ.

"ಇಷ್ಟು ದೊಡ್ಡಾಂವ ಆಗಿ ಒಂದು ಎತ್ತು ನಿಲ್ಲಸಾಕ ಬರೂದಿಲ್ಲೇನೋ ನಿನಗ?"

"ಎಲ್ಲಿ ಬರಬೇಕ ಬೇ ಯವ್ವಾ, ಇದು ನನ್ನ ಕೆಲಸದ ಕೈ ಅಲ್ಲ" ಅಂದ ಅಪ್ಪ. ಆಮೇಲೆ ಮೆಲ್ಲಗೆ ಕೇಳಿದ, "ಊರಾಗ ಎಡಕ್ಕ ಹೂಡೂ ಎತ್ತನ್ನ ಬಲಕ್ಕ ಹೂಡಿದ್ರ ಏನಾಗತೈತಿ?"

"ಹೆಜ್ಜಿ ಸೈತ ಕಿತ್ತಿಡೂದಿಲ್ಲ. ಅದು ರೂಢಿ ಆದ ಕಡೆನ ಎಳಿಯೂದು" ಎಂದು ಅಜ್ಜಿ ಥಟ್ಟನೆ ಹೇಳಿದಳು.

ಹೇಳಿದವಳು ಹಾಗೇ ನಿಂತಳು. ಅಪ್ಪ ಪಕ್ಕಕ್ಕೆ ಸರಿದ. ಅಜ್ಜಿ ಬಂದು ನನ್ನ ಹಿಂದೆ ಕೂತಳು. ಗಂಟು ಮಣ್ಣಿನ ನೀರಿಗೆ ನೆನೆದು ಬಿಗಿಯಾಗಿತ್ತು, ಅವಳ ಬೆರಳಿಗೆ ಬಗ್ಗಲಿಲ್ಲ. ಕಡೆಗೆ ಅಕ್ಕನೇ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಕೈ ಮುಂದೆ ಬಂತು, ಆದರೆ ನನ್ನದಲ್ಲ ಅನ್ನುವ ಹಾಗೆ ಜೋತುಬಿದ್ದಿತ್ತು. ಅಜ್ಜಿ ಅದನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ತಿಕ್ಕಿದಳು. "ನೋವಾತೇನೋ ನನ ಕಂದಾ" ಅಂದಾಗ ನಾನು ಬೆಳಗಿನಿಂದ ತಡೆದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅತ್ತುಬಿಟ್ಟೆ.

ಆಮೇಲೆ ಹೊಸ ಮಣ್ಣು ತೆಗೆದುಕೊಂಡೆ. ಕಾಲನ್ನು ಬೇರೆ ಮಾಡಿ ಹಚ್ಚಲಿಲ್ಲ. ಎಡಗೈಯಿಂದ ಮುದ್ದೆಯೊಳಗಿಂದಲೇ ನಾಲ್ಕು ಕಾಲು ಎಳೆದೆ, ಬೆನ್ನ ಮೇಲೆ ಚಿವುಟಿ ಡುಬ್ಬ ಎಬ್ಬಿಸಿದೆ, ಕೋಡು ತೀಡಿದೆ. ನನ್ನ ಎತ್ತು ನಿಂತಿತು. ಒಂದು ಕೋಡು ಸ್ವಲ್ಪ ಗಿಡ್ಡ, ಆದರೂ ಗಟ್ಟಿಯಾಗಿ ನಿಂತಿತು. ಅಜ್ಜಿ ಅಕ್ಕನ ಎತ್ತನ್ನು ಜಗಲಿಯ ಬಲಕ್ಕಿಟ್ಟಳು, ನನ್ನದನ್ನು ಎಡಕ್ಕಿಟ್ಟು ವಿಭೂತಿ ಹಚ್ಚಿದಳು. "ಊಟ ಮಾತ್ರ ಬಲಗೈಲೆನ ಮತ್ತ!" ಎಂದು ಗದರುವುದನ್ನು ಮರೆಯಲಿಲ್ಲ. ಆ ವಿಷಯದಲ್ಲಿ ಅವಳು ಕೊನೆಯವರೆಗೂ ಬಗ್ಗಲಿಲ್ಲ. ಮರುದಿನ ನಾವು ಜೋಳ ಬೇಡಲು ಒಯ್ದ ಕುಂಟೆತ್ತು ಯಾವುದು ಗೊತ್ತೇ? ಅಪ್ಪನ ಆನೆಕಿವಿಯ ಎತ್ತು!

ಈಗ ನನ್ನ ಮೊಮ್ಮಗಳು ನರ್ಸರಿಗೆ ಹೋಗುತ್ತಾಳೆ. ಅವಳಿಗೆ ಡಬ್ಬಿ ಡಬ್ಬಿ ಬಣ್ಣದ ಮಣ್ಣಿದೆ, ಮಿಂಚುವ ಕಾಗದವಿದೆ, ಬೆರಳು ಕತ್ತರಿಸದ ಕತ್ತರಿ ಇದೆ. ಯಾವ ಕೈಯಿಂದ ಮಾಡಿದರೂ ಯಾರೂ ಬೈಯುವುದಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಸಂತೋಷ. ಆದರೆ ಶಾಲೆಗೆ ಒಯ್ಯುವ ಕರಕುಶಲ ಚೆಂದ ಕಾಣಬೇಕಲ್ಲ, ಅದಕ್ಕೆ ಅವಳಮ್ಮ ಮೊಬೈಲ್ ನೋಡಿಕೊಂಡು ತಾನೇ ಕತ್ತರಿಸಿ, ತಾನೇ ಅಂಟಿಸುತ್ತಾಳೆ. "ಮುಟ್ಟಬ್ಯಾಡ ಪುಟ್ಟಿ, ಕೆಡತೈತಿ" ಎನ್ನುತ್ತಾಳೆ. ಪುಟ್ಟಿ ಎರಡೂ ಕೈ ಮಡಿಲಲ್ಲಿಟ್ಟು ಪಕ್ಕದಲ್ಲಿ ಕೂತಿರುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನ್ನ ಎಡಗೈಗೆ ಹಳೆಯ ಜೋಮು ಹಿಡಿಯುತ್ತದೆ.

ಈ ಸಲದ ಅಮಾವಾಸ್ಯೆಗೆ ನಾನು ಹಳಿಯಾಳದ ಕಡೆಯಿಂದ ಕರಿ ಮಣ್ಣು ತರಿಸಿ ಪುಟ್ಟಿಯ ಮುಂದಿಟ್ಟೆ. ಮೊದಲು ಬೆರಳ ತುದಿಯಿಂದ ಮುಟ್ಟಿದಳು, ಆಮೇಲೆ ಮೊಣಕೈವರೆಗೆ ಮೆತ್ತಿಕೊಂಡಳು. ಅವಳ ಎತ್ತಿಗೆ ಐದು ಕಾಲು ಬಂದವು. "ಮಳ್ಯಾಗ ಜಾರಬಾರದಲ್ಲ ಅಜ್ಜಾ" ಅಂದಳು. ಕತ್ತು ಬೇರೆ ವಾಲಿತ್ತು. ಸರಿ ಮಾಡೋಣವೆಂದು ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಪುಟ್ಟಿ ಥಟ್ಟನೆ ತನ್ನ ಎರಡೂ ಕೈ ಮಡಿಲಿಗೆ ಎಳೆದುಕೊಂಡು, ನನಗೆ ಜಾಗ ಬಿಟ್ಟು ಕೂತಳು.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು, ಅವುಗಳ ಮೇಲೆಯೇ ಕೂತು, "ಮಾಡವ್ವಾ, ನೀನ ಮಾಡು" ಅಂದೆ.