ಹಸಿರು ಗೆರೆಯಲ್ಲಿ ಕಂಡ ಐದು ನುಡಿ

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವರ ಪೈಕಿ ನಾನು. ಅದರಲ್ಲೂ ಕಂಪ್ಯೂಟರಿನ ಮುಂದೆ ಕೂತು ಅನ್ನ ಸಂಪಾದಿಸಿದವನು. ಅದಕ್ಕೆ ಏನು ಕೊಡುತ್ತೇವೋ ಅದನ್ನೇ ಹಿಂದಕ್ಕೆ ಕೊಡುತ್ತದೆ, ತನ್ನ ಕಡೆಯಿಂದ ಒಂದಕ್ಷರ ಸೇರಿಸುವುದಿಲ್ಲ. ಈಗಲೂ ನನ್ನ ನಂಬಿಕೆ ಬಹುಮಟ್ಟಿಗೆ ಅದೇ. ಆದರೆ ನಾಗಪುರದಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ನಡೆದದ್ದನ್ನು ಆ ನಂಬಿಕೆಗೆ ಹೊಂದಿಸಲು ನನ್ನಿಂದ ಆಗಿಲ್ಲ. ನೀವು ನಂಬಲೇಬೇಕೆಂಬ ಹಟವಿಲ್ಲ. ಹಟ ಮಾಡುವ ವಯಸ್ಸೂ ದಾಟಿತು.

ಆಗ ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಊರಂಚಿನ ಹಿಂಗಣಾದ ಕಾರ್ಖಾನೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಮಾಲೀಕರಿಗೆ ಬೇಕಾದದ್ದು ಎರಡೇ: ಮೊದಲ ಪುಟದಲ್ಲಿ ತಿರುಗುವ ಭೂಗೋಳ, ಮೂಲೆಯಲ್ಲಿ ತಮ್ಮ ತಂದೆಯ ಫೋಟೊ. ಬಿಡುವಿನಲ್ಲಿ ಊರಿನ ಕನ್ನಡಿಗರಿಗಾಗಿ ಒಂದು ತಾಣ ಮಾಡಿದ್ದೆ. ಮನೆಮನೆಯ ಕ್ಯಾಸೆಟ್ಟುಗಳಲ್ಲಿದ್ದ ಹಾಡುಗಳನ್ನು ಎಂಪಿತ್ರಿ ಮಾಡಿ ಅಲ್ಲಿ ಸೇರಿಸುತ್ತಿದ್ದೆ. ಫೋನಿನ ತಂತಿಯಲ್ಲಿ ಒಂದು ಹಾಡು ಏರಿಸಲು ಅರ್ಧ ಗಂಟೆ ಬೇಕು. ನಡುವೆ ಲೈನ್ ಕಡಿದರೆ ಮತ್ತೆ ಮೊದಲಿನಿಂದ. ಆ ತಾಣ ಇಂದು ಇಲ್ಲ. ಪುಕ್ಕಟೆ ಜಾಗ ಕೊಟ್ಟಿದ್ದವರು ಅಂಗಡಿ ಮುಚ್ಚಿದರು. ನಾನು ಕಟ್ಟಿದ ತಾಣಗಳಲ್ಲಿ ಒಂದೂ ಉಳಿದಿಲ್ಲ, ಅದನ್ನು ಹೇಳಿಕೊಂಡು ತಿರುಗುವುದೂ ಸಾಕಾಗಿದೆ.

ಒಂದು ದಿನ, ನನ್ನನ್ನು ದಾದಾ, ಅಂದರೆ ಅಣ್ಣ, ಎಂದು ಕರೆಯುವ ಪರಿಚಯದ ಸುಮಿತ್ರಾ ಕ್ಯಾಸೆಟ್ ತಂದಳು. ಅವಳ ತಾಯಿ ಶಾಂತಾಬಾಯಿಯನ್ನು ನಾವೆಲ್ಲ ಮರಾಠಿ ರೂಢಿಯಂತೆ ಮಾವಶಿ, ಚಿಕ್ಕಮ್ಮ, ಎನ್ನುತ್ತಿದ್ದೆವು. ಧಾರವಾಡದ ಕಡೆಯವರು, ಗಂಡನ ರೈಲ್ವೆ ನೌಕರಿಯಿಂದಾಗಿ ಇಲ್ಲಿ ನೆಲೆಸಿದವರು. ಆ ವರ್ಷ ಪಾರ್ಶ್ವವಾಯು ಹೊಡೆದು ಅವರ ಮಾತು ನಿಂತಿತ್ತು. ಅದರಿಂದಾಗಿಯೇ ಮುಂದೆ ಹೋಗಿದ್ದ ಸುಮಿತ್ರಾಳ ಮಗಳ ನಾಮಕರಣ ಬರುವ ಭಾನುವಾರಕ್ಕೆ ಗೊತ್ತಾಗಿತ್ತು. ಅವರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅಜ್ಜಿ ಹಾಡುವ ಹಾಡೊಂದಿದೆ. ಬಾಯಿಂದ ಬಾಯಿಗೆ ಬಂದದ್ದು, ಮಾವಶಿಯ ಹೊರತು ಯಾರಿಗೂ ಬರುವುದಿಲ್ಲ, ಎಲ್ಲೂ ಬರೆದಿಟ್ಟಿಲ್ಲ. ಅವರು ಹಿಂದೊಮ್ಮೆ ಹಾಡಿದ್ದು ಈ ಕ್ಯಾಸೆಟ್ಟಿನಲ್ಲಿ ಮಾತ್ರ ಇತ್ತು, ಅದೂ ಅರ್ಧ.

"ಎರಡು ನುಡಿ ಆದಮ್ಯಾಲೆ ಕ್ರಿಕೆಟ್ ಕಾಮೆಂಟ್ರಿ ಬರ್ತದ ದಾದಾ," ಎಂದಳು. "ನಮ್ಮಣ್ಣ ಸಣ್ಣಾಂವ ಇದ್ದಾಗ ಅದರ ಮ್ಯಾಲೇ ರೆಕಾರ್ಡ್ ಮಾಡಿಬಿಟ್ಟಾನ. ಇದ್ದಷ್ಟನ್ನ ಬರೋಬರ್ ಮಾಡಿ ಸಿಡಿಗೆ ಹಾಕಿಕೊಡ್ರಿ."

ಮರುದಿನ ಮಧ್ಯಾಹ್ನ ಕೂಲರ್ ಹಾಕಿಕೊಂಡು, ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಕೂತೆ. ಹಾಡು ಸಾಗಿದಂತೆ ಪರದೆಯ ಮೇಲೆ ಹಸಿರು ಗೆರೆ ಏಳುತ್ತದೆ, ದನಿ ನಿಂತಲ್ಲಿ ಮಲಗುತ್ತದೆ. ನನ್ನ ಕಣ್ಣು ಅದರ ಮೇಲೇ. ದನಿ ಏರಿ ಒಡೆಯಬಾರದು, ಇಳಿದು ಮುಳುಗಬಾರದು. ಹೀಗೆ ಎಷ್ಟೋ ಹಾಡುಗಳನ್ನು ಕಂಪ್ಯೂಟರಿಗೆ ದಾಟಿಸಿದ್ದೇನೆ, ಅವುಗಳಲ್ಲಿ ಕೇಳಿದ್ದೆಷ್ಟು ಎಂದು ಮಾತ್ರ ವಿಚಾರಿಸಬೇಡಿ. ಗೆರೆ ಐದು ಸಲ ಎದ್ದು ಐದು ಸಲ ಮಲಗಿತು. ಉದ್ದಕ್ಕೂ ಮಾವಶಿಯದೇ ದನಿ, ಕೊನೆಗೆ ಹೆಂಗಸರ ನಗು. ಕಾಮೆಂಟ್ರಿ ಬರಲೇ ಇಲ್ಲ. ಸುಮಿತ್ರಾಳದೇ ತಪ್ಪು ನೆನಪು ಅಂದುಕೊಂಡು ಫೋನ್ ಮಾಡಿದೆ.

"ಹಾಡು ಪೂರ್ತಿ ಅದ ನೋಡವಾ. ಐದು ನುಡಿ ಬಂದಾವ."

ಆ ಕಡೆ ರಿಸೀವರ್ ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ, "ಅವ್ವಾ, ಹಾಡು ಸಿಕ್ಕತು! ಪೂರಾ ಸಿಕ್ಕತು!" ಎಂದು ಅವಳು ಕೂಗಿದ್ದು ಕೇಳಿಸಿತು.

ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. ಕೂಲರಿನ ಮೋಟಾರಿನ ಗುಂಯ್ ಎನ್ನುವ ಸದ್ದು ಕರೆಂಟಿನ ತಂತಿಯ ಮೂಲಕ ಹಾಡಿನೊಳಗೆ ಸೇರಿಕೊಂಡಿತ್ತು. ಕೂಸಿನ ಹಾಡು, ಚೊಕ್ಕವಾಗಿರಲಿ ಎಂದು ಕೂಲರ್ ಆರಿಸಿ, ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದೆ. ಸೆಕೆ ತಡೆಯಲಾರದೆ ಹೊರಗಿನ ಕೋಣೆಯಲ್ಲಿ ಕೂತಿದ್ದು, ಮುಗಿದಿರಬೇಕೆನ್ನಿಸಿದಾಗ ಬಂದು ಅದೇ ಹೆಸರಿನಲ್ಲಿ ಉಳಿಸಿದೆ. ಹಳೆಯದನ್ನು ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಹೂಂ ಎಂದು ಒತ್ತಿದೆ. ಆಮೇಲೆ ಹಚ್ಚಿ ನೋಡಿದರೆ ಎರಡು ನುಡಿ, ಅದರ ಹಿಂದೆಯೇ ಹಿಂದಿ ಕಾಮೆಂಟ್ರಿ.

ಆ ಕ್ಯಾಸೆಟ್ಟನ್ನು ಎಷ್ಟು ಸಲ ಹಚ್ಚಿದೆನೋ ನನಗೇ ತಿಳಿಯದು. ಇನ್ನೊಂದು ಬದಿ ಖಾಲಿ. ಅಳಿಸಿದ ಫೈಲನ್ನು ಹುಡುಕಿಕೊಡುವ ಪ್ರೋಗ್ರಾಮುಗಳಿಂದಲೂ ಪ್ರಯೋಜನವಾಗಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಸೀತಾಬರ್ಡಿ ಪೇಟೆಯ ರಿಪೇರಿಯವನ ಹತ್ತಿರ ಹೋದೆ. ಅವನಿಗೂ ಫೈಲ್ ಸಿಗಲಿಲ್ಲ. ಮೇಲೆ ಬೇರೆ ರೆಕಾರ್ಡ್ ಮಾಡಿದರೂ ಟೇಪಿನಲ್ಲಿ ಹಳೆಯ ದನಿ ತೀರ ಕ್ಷೀಣವಾಗಿ ಉಳಿಯುವುದುಂಟು ಎಂದು ಅವನು ಹೇಳಿದ. ಇರಬಹುದು. ಹಾಗಾದರೆ ಮೊದಲ ಸಲ ಕಾಮೆಂಟ್ರಿ ಎಲ್ಲಿ ಹೋಗಿತ್ತು?

ಭಾನುವಾರ ಆ ಎರಡು ನುಡಿಗಳ ಸಿಡಿ ಹಿಡಿದು ಹೋದೆ. ಬಾಗಿಲಲ್ಲೇ ಸುಮಿತ್ರಾಳಿಗೆ ಎಲ್ಲ ಹೇಳಿ, ನನಗೇ ಭ್ರಮೆಯಾಗಿರಬೇಕು ಎಂದೆ.

"ಭ್ರಮೆ ಅಲ್ಲ ದಾದಾ," ಎಂದಳು. "ಎಷ್ಟು ನುಡಿ ಅಂತ ನಾ ಹೇಳೇ ಇದ್ದಿಲ್ಲ. ನನಗೂ ಗೊತ್ತಿದ್ದಿಲ್ಲ. ನಿಮ್ಮ ಫೋನ್ ಬಂದಮ್ಯಾಲೆ ಅವ್ವನ್ನ ಕೇಳಿದೆ. ಐದು ಬೆರಳು ತೋರಿಸಿದ್ಲು."

ಕೂಸನ್ನು ತೊಟ್ಟಿಲಿಗೆ ಹಾಕಿ ಸಿಡಿ ಹಚ್ಚಿದರು. ಎರಡು ನುಡಿ ಮುಗಿದು ಹಾಡು ನಿಂತಿತು. ಕುರ್ಚಿಯಲ್ಲಿ ಕೂತಿದ್ದ ಮಾವಶಿ ಮೂರನೆಯದಕ್ಕೆ ಕಾದರು. ಬರಲಿಲ್ಲ. ತಾವೇ ಬಾಯಿ ತೆರೆದರು; ದನಿ ಬಂತು, ಶಬ್ದ ಬರಲಿಲ್ಲ. ಸುಮಿತ್ರಾ ನನ್ನ ಕಡೆ ಬಾಗಿದಳು.

"ನೀವರೆ ಕೇಳೀರಲ್ಲ ದಾದಾ. ಮೂರನೇ ನುಡಿದು ಒಂದ ಸಾಲು ಹೇಳ್ರಿ. ಒಂದ ಶಬ್ದ ಹೇಳಿದ್ರೂ ಸಾಕು."

ಮೂರನೇ ನುಡಿಯ ಗೆರೆ ಎರಡನೆಯದಕ್ಕಿಂತ ತುಸು ಎತ್ತರ, ನಾಲ್ಕನೆಯದರದು ಉದ್ದ. ಕಾಗದ ಕೊಟ್ಟರೆ ಈಗಲೂ ಗೀಚಿ ತೋರಿಸಬಲ್ಲೆ. ಶಬ್ದ ಮಾತ್ರ ಒಂದೂ ಇಲ್ಲ. ಆ ಮಧ್ಯಾಹ್ನ ಹಾಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ನನಗೆ ಇಂದಿಗೂ ತಿಳಿಯದು. ಅದು ಬಂದಾಗ ಎದುರಿಗೆ ಕೂತಿದ್ದವನು ನಾನೊಬ್ಬನೇ. ನಾನು ಕೇಳಿಸಿಕೊಳ್ಳಲಿಲ್ಲ.