ಎರಡು ಶೆಡ್ಡು ಒಂದು ಮಾಡಲು ಹೋದದ್ದು

ನನಗಾಗ ಇಪ್ಪತ್ತಾರು ವರ್ಷ. ಮಂಡ್ಯದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಮನೆ ಮದ್ದೂರಿನಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದೆ. ಜೀವಮಾನದಲ್ಲಿ ನಾನು ಒಂದು ಬೀಡಿ ಅಂಗಡಿಯನ್ನೂ ನಡೆಸಿರಲಿಲ್ಲ, ಒಂದು ಅಚ್ಚು ಬೆಲ್ಲವನ್ನೂ ಮಾರಿರಲಿಲ್ಲ. ಆದರೂ ಸೊರಗಿದ ವ್ಯಾಪಾರ ಎಲ್ಲಿ ಕಂಡರೂ ಅದಕ್ಕೆ ಮದ್ದು ನನ್ನ ಜೇಬಿನಲ್ಲೇ ಇದೆ ಎಂದು ಗಟ್ಟಿಯಾಗಿ ನಂಬಿದ್ದೆ. ಆ ನಂಬಿಕೆಗೆ ಸಿಕ್ಕಿಬಿದ್ದವರು ನಮ್ಮೂರಿನ ಇಬ್ಬರು ಕಾರು ಮಾಡುವವರು.

ಕಾರು ಮಾಡುವವರು ಎಂದರೆ ಮಾಡುವವರೇ. ಸಾಹುಕಾರರ ಮನೆಗಳಲ್ಲಿ ಮುದಿಯಾಗಿ, ಕೊನೆಗೆ ಕೋಳಿಗಳು ಮೊಟ್ಟೆ ಇಡುವ ಜಾಗವಾಗಿದ್ದ ವಿಲಾಯತಿ ಕಾರುಗಳನ್ನು ಇವರು ಎಳೆದು ತರುತ್ತಿದ್ದರು. ಒಂದರ ಇಂಜಿನ್ನು, ಇನ್ನೊಂದರ ಚಾಸಿ, ಮೂರನೆಯದರ ಬಾಗಿಲು ಸೇರಿಸಿ, ಮೇಲೆ ಹೊಸ ತಗಡು ಹೊದಿಸಿ, ಹತ್ತು ಜನ ಕೂರುವಂಥ ಬಾಡಿಗೆ ಕಾರು ಮಾಡಿ ನಿಲ್ಲಿಸುತ್ತಿದ್ದರು. ಅದು ಯಾವ ಕಂಪನಿಯ ಕಾರು ಎಂದು ಕೇಳಿದರೆ ಯಾರೂ ಹೇಳಲಾರರು. ‘ಸಾಬರ ಕಾರು’ ಅಥವಾ ‘ಆಚಾರಿ ಕಾರು’, ಅಷ್ಟೇ.

ಸಾಹೇಬರಿಗೆ ಐವತ್ತರ ಮೇಲಾಗಿತ್ತು. ಸಣಕಲು ಮೈ. ಬಸ್ಸಿನ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಓಡುವ ಇಂಜಿನ್ನಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅದಕ್ಕೇನಾಗಿದೆ ಎಂದು ಹೇಳುತ್ತಿದ್ದರು. ಆಚಾರಿ ಅವರಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಅವರ ಎರಡರಷ್ಟು ದಪ್ಪ. ಅವರ ಅಪ್ಪ ಎತ್ತಿನ ಗಾಡಿ ಮಾಡುತ್ತಿದ್ದರು. ಇವರು ಗಾಡಿಯಿಂದ ಕಾರಿನ ಮೈಕಟ್ಟಿಗೆ ಬಂದಿದ್ದರು. ಇಬ್ಬರ ಶೆಡ್ಡೂ ಮಳವಳ್ಳಿ ರಸ್ತೆಯಲ್ಲಿ ಎದುರುಬದುರು. ಯಾವುದೋ ಗಿರಾಕಿಯ ವಿಷಯಕ್ಕೆ ಮುನಿಸಿಕೊಂಡು ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಪೆಟ್ರೋಲಿನ ಬೆಲೆ ಏಕಾಏಕಿ ಏರಿತಲ್ಲ, ಆ ಕಾಲ. ಹೆಂಡ ಕುಡಿದ ಹಾಗೆ ಪೆಟ್ರೋಲು ಕುಡಿಯುವ ಆ ಹಳೇ ಕಾರುಗಳನ್ನು ಕೇಳುವವರೇ ಇಲ್ಲವಾದರು. ರಸ್ತೆಯ ಆ ಬದಿ ಸಾಹೇಬರು ಬೆಂಚಿನ ಮೇಲೆ, ಈ ಬದಿ ಆಚಾರಿ ಟೈರಿನ ಮೇಲೆ, ಇಬ್ಬರೂ ಸುಮ್ಮನೆ ಕೂತಿರುವುದನ್ನು ನಾನು ರೈಲಿಗೆ ಹೋಗುವಾಗ ದಿನಾ ನೋಡುತ್ತಿದ್ದೆ.

ಒಂದು ಭಾನುವಾರ ಸಾಹೇಬರು ಒಂದು ಅರ್ಜಿ ಬರೆಸಲು ನನ್ನನ್ನು ಕರೆದರು. ನಾನು ಅರ್ಜಿಯನ್ನು ಪಕ್ಕಕ್ಕಿಟ್ಟು ಉಪನ್ಯಾಸ ಶುರು ಮಾಡಿದೆ. ಸೋಲುತ್ತಿರುವ ಇಬ್ಬರು ಪೈಪೋಟಿ ಬಿಟ್ಟು ಒಂದಾದರೆ ಖರ್ಚು ಅರ್ಧವಾಗುತ್ತದೆ, ಶಕ್ತಿ ಎರಡಾಗುತ್ತದೆ. ಇದಕ್ಕೆ ವಿಲೀನ ಎನ್ನುತ್ತಾರೆ. ದೊಡ್ಡ ದೊಡ್ಡ ದೇಶಗಳ ಕಾರು ಕಂಪನಿಗಳೂ ಹೀಗೇ ಮಾಡುತ್ತವೆ, ಇತ್ಯಾದಿ. ನೀವು ಇಂಜಿನ್ನು ನೋಡಿಕೊಳ್ಳಿ, ಅವರು ಮೈಕಟ್ಟು ನೋಡಿಕೊಳ್ಳಲಿ ಎಂದೆ.

ಸಾಹೇಬರು ಗಡ್ಡ ಕೆರೆದುಕೊಂಡರು. “ನೀವು ಓದ್ದೋರು ಮೇಷ್ಟ್ರೇ. ನೀವು ಹೇಳಿದ್ಮೇಲೆ ಇಲ್ಲ ಅನ್ನಲ್ಲ. ಆದ್ರೆ ಅವರ ಹತ್ರ ನಾನು ಮಾತಾಡಲ್ಲ. ನೀವೇ ಆಡ್ಬೇಕು.”

ರಸ್ತೆ ದಾಟಿ ಆಚಾರಿಗೂ ಅದೇ ಪಾಠ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಬೋಲ್ಡಲ್ಲಿ ಯಾರ ಎಸ್ರು ಮೊದ್ಲು ಬತ್ತದೆ?”

ಇಂಥ ಪ್ರಶ್ನೆ ಬಂದೇ ಬರುತ್ತದೆಂದು ರಸ್ತೆ ದಾಟುವಾಗಲೇ ಯೋಚಿಸಿದ್ದೆ. ಎರಡು ಮುಖದ ಬೋರ್ಡು ಬರೆಸಿ ರಸ್ತೆಗೆ ಅಡ್ಡಲಾಗಿ ಚಾಚಿ ನಿಲ್ಲಿಸುವುದು. ಮದ್ದೂರಿನ ಕಡೆಯಿಂದ ಬರುವವರಿಗೆ ಒಬ್ಬರ ಹೆಸರು ಮೇಲೆ, ಮಳವಳ್ಳಿಯ ಕಡೆಯಿಂದ ಬರುವವರಿಗೆ ಇನ್ನೊಬ್ಬರ ಹೆಸರು ಮೇಲೆ. ಈ ಬುದ್ಧಿವಂತಿಕೆಗೆ ನಾನೇ ಬೆರಗಾಗಿದ್ದೆ. ಎರಡೂ ಮುಖಗಳ ಕೆಳಗೆ ‘ಸಲಹೆಗಾರರು’ ಎಂದು ನನ್ನ ಹೆಸರನ್ನೂ ಸಣ್ಣಕ್ಷರದಲ್ಲಿ ಬರೆಸಿದೆ. ಅಷ್ಟೇನೂ ಸಣ್ಣದಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮಳವಳ್ಳಿಯವಳು, ಮಾತು ಕಡಿಮೆ.

“ಅವರಿಬ್ರೂ ಒಬ್ಬರ ಮುಖ ಒಬ್ಬರು ನೋಡಿ ಒಪ್ಪಿಕೊಂಡ್ರಾ?” ಎಂದಳು.

“ಇಲ್ಲ. ಇಬ್ಬರೂ ನನ್ನ ಮುಖ ನೋಡಿ ಒಪ್ಪಿಕೊಂಡರು.”

“ಅದೇ ಭಯ ಕಣ್ರೀ.”

ಮೊದಲ ಗಿರಾಕಿಯೂ ಬೇಗ ಸಿಕ್ಕಿದರು. ಪೂರಿಗಾಲಿಯ ಒಬ್ಬ ಗೌಡರು. ಮಗಳ ಮದುವೆ ಗೊತ್ತಾಗಿತ್ತು, ಹೆಣ್ಣು ಗಂಡು ಕೂತು ಬರುವಂಥ ದೊಡ್ಡ ಕಾರು ಬೇಕಿತ್ತು. ಮದುವೆಯಾದ ಮೇಲೆ ಅದನ್ನೇ ಬಾಡಿಗೆಗೆ ಬಿಡುವ ಯೋಚನೆ ಅವರದು. ಪೆಟ್ರೋಲು ದುಬಾರಿ, ಆದ್ದರಿಂದ ಚಿಕ್ಕ ಡೀಸೆಲ್ ಇಂಜಿನ್ನು ಕೂರಿಸಿ ಎಂದವನು ನಾನೇ. ಸಾಹೇಬರು ಮಂಡ್ಯದಲ್ಲಿ ಅಂಥದೊಂದನ್ನು ಹುಡುಕಿ ತಂದರು. ತಂದವರು ಅದನ್ನು ಸುತ್ತಿ ನೋಡಿ ನನ್ನನ್ನು ಕರೆದರು.

“ಇದು ಸಣ್ಣದು ಮೇಷ್ಟ್ರೇ. ಮೈಕಟ್ಟು ಎಷ್ಟು ಭಾರ ಬರುತ್ತೆ, ಸ್ವಲ್ಪ ಅವರನ್ನ ಕೇಳ್ಕೊಂಡು ಬನ್ನಿ.”

ನಾನು ರಸ್ತೆ ದಾಟಿದೆ. ಆಚಾರಿ ಸುತ್ತಿಗೆ ಕೆಳಗಿಟ್ಟು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು. “ಮದ್ವೆ ಕಾರು ಅಂತ ದಪ್ಪ ತಗಡೇ ಆಕ್ತಾ ಇವ್ನಿ. ಸಾಬ್ರ ಇಂಜಿನ್ನು ಎಳೀತದಾ, ವಸಿ ಕೇಳಿ ಮೇಷ್ಟ್ರೇ.”

ಆ ಕಡೆಯೂ ಒಂದು ಅನುಮಾನ, ಈ ಕಡೆಯೂ ಒಂದು ಅನುಮಾನ. ಒಂದಕ್ಕೊಂದು ವಜಾ ಆದವು ಎಂದು ನನಗೆ ಯಾಕೆ ಅನ್ನಿಸಿತೋ ಇವತ್ತಿಗೂ ತಿಳಿಯದು. ನಾನು ಅವರ ಪ್ರಶ್ನೆಯನ್ನು ಇವರಿಗೆ ತಲುಪಿಸಲಿಲ್ಲ, ಇವರದನ್ನು ಅವರಿಗೆ ತಲುಪಿಸಲಿಲ್ಲ. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ. “ಅದನ್ನೆಲ್ಲ ನಾನು ನೋಡಿಕೊಂಡಿದ್ದೇನೆ. ನೀವು ನಿಮ್ಮ ಕೆಲಸ ಮಾಡಿ.”

ಕಾರು ಮುಗಿಯಿತು. ಕೆನೆ ಬಣ್ಣ, ಕಡುಗೆಂಪು ಅಂಚು, ಒಳಗೆ ವೆಲ್ವೆಟ್ಟಿನ ಸೀಟು. ನಿಂತಲ್ಲೇ ನೋಡುತ್ತಿರಬೇಕು ಅನ್ನಿಸುವ ಹಾಗಿತ್ತು. ಅದರ ಜಾಣತನವೆಲ್ಲ ನಿಲ್ಲುವುದರಲ್ಲೇ ಎಂಬುದು ಆಮೇಲೆ ತಿಳಿಯಿತು.

ಕಾರನ್ನು ಪೂರಿಗಾಲಿಗೆ ಒಯ್ಯಲು ಗೌಡರು ನಾಲ್ಕು ಜನ ನೆಂಟರೊಂದಿಗೆ ಬಂದರು. ಸಾಹೇಬರು ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳೀ ಪ್ಯಾಂಟು ತೊಟ್ಟ ನಾನು. ಆಚಾರಿ ಗೌಡರೊಂದಿಗೆ ಹಿಂದೆ ಕೂತರು. ಮದ್ದೂರು ಬಿಟ್ಟು ಸುಮಾರು ದೂರ ಚೆನ್ನಾಗಿಯೇ ಹೋದೆವು. ನಾನು ಹಿಂದಕ್ಕೆ ತಿರುಗಿ ಗೌಡರಿಗೆ ವಿಲೀನದ ಅನುಕೂಲಗಳನ್ನು ವಿವರಿಸುತ್ತಿದ್ದೆ. ಮಳವಳ್ಳಿ ಇನ್ನೇನು ಹತ್ತಿರ ಅನ್ನುವಾಗ ಒಂದು ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಕಾರು ನಿಧಾನವಾಯಿತು, ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು, ಆಮೇಲೆ ಕಾರು ಮೆಲ್ಲಗೆ ಹಿಂದಕ್ಕೆ ಹೊರಟಿತು.

“ಇಳೀರಲಾ, ಇಳೀರಿ! ಚಕ್ರಕ್ಕೆ ಕಲ್ಲು ಕೊಡಿ!” ಎಂದು ಗೌಡರು ಕೂಗಿದರು. ಎಲ್ಲರೂ ದುಮುಕಿ ಚಕ್ರದ ಹಿಂದೆ ಕಲ್ಲು ಇಟ್ಟರು. ಇಂಜಿನ್ನು ಬುಸುಬುಸು ಎನ್ನುತ್ತಿತ್ತು. ಸಾಹೇಬರು ಇಳಿದು ಬಂದು, ಕಾರಿನ ಬದಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ, ಅಷ್ಟು ವರ್ಷಗಳಾದ ಮೇಲೆ, ಆಚಾರಿಯ ಕಡೆ ನೇರವಾಗಿ ತಿರುಗಿದರು.

“ಏನು ಆಚಾರೀ, ಇದು ಕಾರಾ, ತಿಜೋರಿಯಾ? ಇಷ್ಟು ದಪ್ಪ ತಗಡು ಹಾಕಿದೀರಲ್ಲ, ಒಂದು ಮಾತು ಕೇಳಬಾರದಾ?”

“ಕೇಳ್ದೆ ಕಣ್ ಸಾಬ್ರೇ! ಇಂಜಿನ್ನು ಎಳೀತದಾ ಅಂತ ಮೇಷ್ಟ್ರತ್ರ ಕೇಳಿಸ್ದೆ. ನೀವೇ ಉತ್ರ ಕೊಡ್ನಿಲ್ಲ.”

“ನನಗೆ ಯಾರೂ ಹೇಳಲಿಲ್ಲ. ನಾನೇ ಭಾರ ಎಷ್ಟು ಅಂತ ಕೇಳಿ ಕಳಿಸಿದ್ದೆ. ಮೇಷ್ಟ್ರನ್ನೇ.”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಗೌಡರೂ ತಿರುಗಿದರು. ನೆಂಟರೂ ತಿರುಗಿದರು. ವಿಲೀನ ಅಂದರೆ ಏನು ಎಂದು ನಾನು ಕಣ್ಣಾರೆ ಕಂಡದ್ದು ಆಗಲೇ.

ನಾನೇನೋ ಹೇಳಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಇಬ್ಬರು ಆಗಲೇ ಕಾರಿನ ಮುಂದೆ ತಲೆಗೆ ತಲೆ ಕೊಟ್ಟು ಬಗ್ಗಿದ್ದರು. ‘ಇದನ್ನ ತೆಗೀಬಹುದಾ?’ ‘ತಗೀರಿ, ಅದ್ಕೇನು.’ ‘ಹಿಂದಿನ ಬಾಗಿಲು?’ ‘ಅದೇ ನೋಡಿ ಬಾರ.’ ಅಷ್ಟು ಸಲೀಸಾಗಿ ಮಾತು ಹರಿಯಿತು. ಹಿಂದಿನ ಎರಡು ಬಾಗಿಲು ಬಿಚ್ಚಿ ರಸ್ತೆ ಬದಿಯಲ್ಲಿ ಒರಗಿಸಿದರು. ಎಲ್ಲರೂ ಸೇರಿ ತಳ್ಳಿದೆವು. ಅಷ್ಟರಲ್ಲಿ ನನ್ನ ಬಿಳೀ ಪ್ಯಾಂಟು ಕಾರಿನ ಹೊಗೆಗೆ ಪೂರ್ತಿ ಬಣ್ಣ ಬದಲಿಸಿತ್ತು. ಏರಿನ ತುದಿಯಲ್ಲಿ ಎಲ್ಲರೂ ಹತ್ತಿಕೊಂಡರು. ನಾನೂ ಕಾಲಿಟ್ಟೆ.

ಆಚಾರಿ ಮೆತ್ತಗೇ ಹೇಳಿದರು. “ಇನ್ನೂ ವಸಿ ಬಾರ ಕಮ್ಮಿ ಆಗ್ಬೇಕು ಮೇಷ್ಟ್ರೇ. ನೀವು ಬಸ್ಸಲ್ಲಿ ಬಂದ್ಬುಡಿ. ಬಾಗ್ಲು ಜ್ವಾಪಾನ.”

ಹೀಗೆ ನಾನು ಎರಡು ಬಾಗಿಲುಗಳ ಪಕ್ಕ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದೆ. ಬಸ್ಸಿನ ತುಂಬ ಜನ. ಬಾಗಿಲುಗಳನ್ನು ಮೇಲಕ್ಕೆ ಹಾಕಿಸುವಾಗ ಕಂಡಕ್ಟರು ಗಂಭೀರವಾಗಿ ಕೇಳಿದ. “ಕಾರು ಎಲ್ಲಿ ಬಿದ್ದೋಯ್ತು ಸಾ?”

ಆಮೇಲೆ ಒಂದು ತಿಂಗಳು ನಾನು ಆ ರಸ್ತೆಯಲ್ಲಿ ಓಡಾಡಲಿಲ್ಲ. ಸಂದಿಗೊಂದಿ ಸುತ್ತಿ ಸ್ಟೇಷನ್ನಿಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಸಂದಿಯಲ್ಲೇ ಆಚಾರಿ ಎದುರಾದರು. ಗೌಡರ ಕಾರು ವಾಪಸು ತರಿಸಿ, ಹಳೇ ಪೆಟ್ರೋಲ್ ಇಂಜಿನ್ನನ್ನೇ ಕೂರಿಸಿ, ತೆಳು ತಗಡು ಹಾಕಿ ಇಬ್ಬರೂ ಸೇರಿ ಸರಿ ಮಾಡಿದ್ದಾರಂತೆ. ಆದರೆ ವಿಲೀನವನ್ನು ಮುರಿದುಕೊಂಡಿದ್ದಾರಂತೆ.

ನನಗೆ ಅಳು ಬರುವುದೊಂದು ಬಾಕಿ. “ಈಗ ಮಾತಾಡ್ತಾ ಇದ್ದೀರಲ್ಲ ಆಚಾರ್ರೇ, ಮತ್ತೆ ಯಾಕೆ ಬೇರೆಯಾದಿರಿ?”

“ಸಾಬ್ರೇ ಏಳಿದ್ದು ಕಣಿ. ಗಿರಾಕಿಗೆ ನನ್ಮೇಲೆ ಕ್ವಾಪ ಬಂದ್ರೆ ಎಲ್ಲಿಗೋಯ್ತಾನೆ? ಸಾಬ್ರತ್ರ. ಸಾಬ್ರ ಮೇಲೆ ಬಂದ್ರೆ? ನನ್ನತ್ರ. ಇಬ್ರೂ ಒಂದಾದ್ರೆ ಸೀದಾ ಮಂಡ್ಯಕ್ಕೋಯ್ತಾನೆ. ಓಗ್ತಾನೂ ಅವ್ರೆ, ಮೂರು ಜನ ಓದ್ರು. ಗಿರಾಕಿಗೆ ಮುನಿಸ್ಕಳಕೆ ಒಂದು ಜಾಗ ಬ್ಯಾಡ್ವಾ ಮೇಷ್ಟ್ರೇ?”

ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಅವತ್ತು ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಕಬ್ಬಿನ ಗದ್ದೆ ನೋಡುತ್ತ, ಇದಕ್ಕೊಂದು ಉತ್ತರ ಹೊಂದಿಸಲು ನೋಡಿದೆ.

ಪೂರಿಗಾಲಿಯ ಮದುವೆಗೆ ನಮಗೂ ಕರೆ ಬಂತು. ಹೆಂಡತಿ ಒತ್ತಾಯ ಮಾಡಿದಳೆಂದು ಹೋದೆ, ಬಸ್ಸಿನಲ್ಲಿ. ಚಪ್ಪರದ ಮುಂದೆ ಕಾರು ಹೂ ಮುಡಿದು ನಿಂತಿತ್ತು. ಅದರ ಆ ಬದಿ ಸಾಹೇಬರು, ಈ ಬದಿ ಆಚಾರಿ, ಸುತ್ತ ಜನ. ಇದರ ಜೀವ ಇಂಜಿನ್ನು ಎಂದು ಅವರು, ಮೈಕಟ್ಟಿಲ್ಲದೆ ಜೀವ ಎಲ್ಲಿಡ್ತೀರಿ ಎಂದು ಇವರು, ನಡುವೆ ನಡುವೆ ಇಬ್ಬರೂ ಒಬ್ಬರ ಬೀಡಿಗೆ ಒಬ್ಬರು ಬೆಂಕಿ ಕೊಟ್ಟುಕೊಳ್ಳುತ್ತಿದ್ದರು. ನನ್ನನ್ನು ಕಂಡು ನಕ್ಕರು, ಕೈ ಮುಗಿದರು. ಆದರೆ ಸಲಹೆ ಮಾತ್ರ ಕೇಳಲಿಲ್ಲ.

ಗೌಡರು ನನ್ನ ಕೈ ಹಿಡಿದು ಬೀಗರ ಮುಂದೆ ನಿಲ್ಲಿಸಿದರು. “ಇವ್ರೇ ನೋಡಿ, ನಮ್ಮ ಕಾರು ತಳ್ಳಿದ ಮೇಷ್ಟ್ರು.”

ಬೀಗರು ಬಹಳ ಗೌರವದಿಂದ ನಮಸ್ಕಾರ ಮಾಡಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೆಂಗಸರ ಸಾಲಿಗೆ ಓಡಿದಳು. ನಾನು ಎಲೆಯ ಮುಂದೆ ಕೂತು, ಬಡಿಸುವವನು ಕೇಳುವ ಮೊದಲೇ ಪಾಯಸ ಇನ್ನೊಂದು ಸಲ ಹಾಕಿಸಿಕೊಂಡೆ.